ಗೋಡೆಯಾಚೆಯ ಮಗ್ಗ, ನನ್ನ ನಾಲ್ಕು ಮೈಕು

ಐವತ್ತು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ವಾಕಿಂಗ್ ಶುರು ಮಾಡುತ್ತಾರೆ, ಕೆಲವರು ಸೈಟು ನೋಡಲು ಹೊರಡುತ್ತಾರೆ, ನಮ್ಮ ಷಡ್ಡಕರೊಬ್ಬರು ಜೇನು ಸಾಕಲು ಹೋಗಿ ವಾರಗಟ್ಟಲೆ ಮುಖ ಊದಿಸಿಕೊಂಡು ಮಲಗಿದ್ದರು. ನಾನು ಡ್ರಮ್ ಸೆಟ್ ತಂದೆ. ನನ್ನ ಉದ್ಯೋಗ ಗ್ರಂಥಾಲಯದಲ್ಲಿ. ದಿನಾ ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೋಗಿ, ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡಿನ ಕೆಳಗೆ ಕೂತು, ಕೆಮ್ಮಿದವರನ್ನೂ ದುರುಗುಟ್ಟಿ ನೋಡಿ ವಾಪಸು ಬರುವವನು. ಇಷ್ಟು ವರ್ಷ ಅದುಮಿಟ್ಟುಕೊಂಡ ಸದ್ದು ಎಲ್ಲಾದರೂ ಹೊರಗೆ ಬರಬೇಕಲ್ಲ! ಅದು ಅಡುಗೆಮನೆಯ ಪಕ್ಕದ ರೂಮಿನಲ್ಲೇ ಬರಬೇಕಿತ್ತೇ ಎಂದು ನನ್ನ ಹೆಂಡತಿ ಸುಮಿತ್ರ ಕೇಳಿದಳು.

ಹನೂರಿನಲ್ಲಿ ಶಾಂತಮೂರ್ತಿ ಅಂತ ಒಬ್ಬರು ಆರ್ಕೆಸ್ಟ್ರಾ ನಡೆಸುತ್ತಾರೆ. ಅವರ ಡ್ರಮ್ಮರ್ ಮದುವೆಯಾಗಿ, ಮಾವನ ಅಂಗಡಿಯಲ್ಲಿ ಕೂರಲು ಮಾರ್ಟಳ್ಳಿಗೆ ಹೋಗಿಬಿಟ್ಟ. ಆ ಖಾಲಿ ಸ್ಟೂಲಿನ ಮೇಲೆ ನನ್ನ ಕಣ್ಣು ಬಿತ್ತು. ಬಣ್ಣದ ಲೈಟಿನಲ್ಲಿ, ಹೊಳೆಯುವ ಅಂಗಿ ಹಾಕಿಕೊಂಡು ಒಂದು ಸಲವಾದರೂ ಕೂರಬೇಕು ಅಂತ ಎಷ್ಟು ಆಸೆಯಾಗಿತ್ತೆಂದರೆ, ಅಂಗಿಯನ್ನು ಆಗಲೇ ಹೊಲಿಸಿದ್ದೆ. ಫೋನು ಮಾಡಿದರೆ ಶಾಂತಮೂರ್ತಿಯವರು, ಮನೆಯಲ್ಲೇ ಒಂದು ಹಾಡಿಗೆ ಬಾರಿಸಿ ರೆಕಾರ್ಡ್ ಮಾಡಿ ಕಳಿಸಿ, ಆದರೆ ಒಂದೊಂದು ಡ್ರಮ್ಮಿನ ಸದ್ದೂ ಬೇರೆ ಬೇರೆಯಾಗಿ ಬರಬೇಕು, ಕಲಸುಮೇಲೋಗರ ಆಗಿದ್ದರೆ ನನ್ನ ಕೈಲಿ ಕೇಳಕ್ಕಾಗಲ್ಲ ಎಂದರು. ಅದೇನು ಮಹಾ ಅಂತ ನಾಲ್ಕು ಮೈಕು ತರಿಸಿದೆ.

ಮಹಾ ಅಂತ ಆಮೇಲೆ ಗೊತ್ತಾಯಿತು. ತೊಡೆಯ ನಡುವಿನ ಸ್ನೇರ್ ಡ್ರಮ್ಮಿಗೆ ಮೈಕು ಇಟ್ಟರೆ, ಪಕ್ಕದಲ್ಲಿ ಒಂದರ ಮೇಲೊಂದು ಕೂತಿರುವ ಹೈ-ಹ್ಯಾಟ್ ತಟ್ಟೆಗಳ ಛಿಸ್ ಛಿಸ್ಸೇ ಅದರ ತುಂಬ. ತಟ್ಟೆಗೆ ಇಟ್ಟರೆ ಅದರೊಳಗೆ, ಕಾಲಿನಲ್ಲಿ ಒದೆಯುವ ದೊಡ್ಡ ಡ್ರಮ್ಮಿನ ಧಡ್ ಧಡ್. ಥೇಟ್ ನಮ್ಮ ಮನೆಯ ಹಾಗೆ. ಒಬ್ಬರನ್ನು ಕೇಳಿದರೆ ಮೂವರು ಉತ್ತರ ಹೇಳುತ್ತಾರೆ.

ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಮೈಕನ್ನು ಡ್ರಮ್ಮಿನ ಹತ್ತಿರಕ್ಕೆ, ಮೂರು ಬೆರಳಿನಷ್ಟು ಅಂತರಕ್ಕೆ ತರಬೇಕು. ಬೇಡದ ಸದ್ದಿನ ಕಡೆಗೆ ಮೈಕಿನ ಬೆನ್ನು ತಿರುಗಿಸಬೇಕು, ಈ ಜಾತಿಯ ಮೈಕಿಗೆ ಬೆನ್ನಿನ ಕಡೆ ಕಿವಿ ಮಂದ. ಮದುವೆಯಾದ ಗಂಡಸು ಇಷ್ಟನ್ನು ವಿಡಿಯೋ ನೋಡಿಯೇ ಕಲಿಯಬೇಕಾಗಿರಲಿಲ್ಲ. ತಟ್ಟೆಯನ್ನು ಮೆಲ್ಲಗೆ, ಡ್ರಮ್ಮನ್ನು ಜೋರಾಗಿ ಬಾರಿಸಬೇಕು. ದೊಡ್ಡ ಡ್ರಮ್ಮಿನ ಹೊಟ್ಟೆಗೆ ದಿಂಬು ತುರುಕಿ, ಮೈಕಿನ ಸಮೇತ ಕಂಬಳಿ ಹೊದಿಸಬೇಕು. ಎಲ್ಲ ಮಾಡಿದೆ. ರೂಮು ಬಾಣಂತಿ ಕೋಣೆಯ ಹಾಗಾಯಿತು. ಸದ್ದುಗಳು ನಿಜವಾಗಿಯೂ ಬೇರೆ ಬೇರೆಯಾದವು. ಕುಣಿಯುವಷ್ಟು ಖುಷಿಯಾಯಿತು.

ಆದರೆ ಒಂದು ಸದ್ದು ಉಳಿಯಿತು. ನಾಲ್ಕೂ ಮೈಕಿನಲ್ಲಿ, ಹಿಂದಿನಿಂದ, ಟಕ್ ಟಕ್. ಪಕ್ಕದ ಮನೆಯ ನರಸಿಂಹಣ್ಣನವರ ಮಗ್ಗ. ನಮ್ಮಿಬ್ಬರಿಗೂ ನಡುವೆ ಒಂದೇ ಗೋಡೆ. ಮಗ್ಗದ ಕೆಳಗೆ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಓಡಿಸಿ, ಹಲಗೆ ಎಳೆದು ಎಳೆ ಒತ್ತುವ ಸದ್ದು ಅದು. ಇಷ್ಟು ವರ್ಷ ಅದನ್ನು ಕೇಳಿಯೇ ಇರಲಿಲ್ಲ ನಾನು, ಗಡಿಯಾರದ ಸದ್ದು ಕೇಳದ ಹಾಗೆ. ಹೋಗಿ, ಎರಡು ದಿನ ಮಗ್ಗ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದೆ. ಕಾಮಗೆರೆಯ ಮದುವೆಗೆ ಹೆಣ್ಣಿನ ರೇಷ್ಮೆ ಸೀರೆ, ಈಗ ತಾನೇ ಮೊಳದಷ್ಟು ಆಗಿದೆ, ನಿಲ್ಲಿಸುವ ಹಾಗಿಲ್ಲ, ನಿಮ್ಮ ಪಾಡಿಗೆ ನೀವು ಬಾರಿಸಿಕೊಳ್ಳಿ ಎಂದು ಆ ಸಾಧು ಮನುಷ್ಯ ಕಾಫಿ ಕೊಟ್ಟು ಕಳಿಸಿದರು.

ಸರಿ, ಮನೆಯಲ್ಲಿದ್ದ ಹಾಸಿಗೆಯನ್ನೆಲ್ಲ ಆ ಗೋಡೆಗೆ ಒರಗಿಸಿದೆ. ನಾವು ಚಾಪೆಯ ಮೇಲೆ ಮಲಗಿದೆವು. ಮಗ್ಗ ಮಾಯ. ಮೈಕಿಗೂ ಇಲ್ಲ, ನನ್ನ ಕಿವಿಗೂ ಇಲ್ಲ. ಎರಡು ವಾರ ರಜೆ ಹಾಕಿ ಮೈಮರೆತು ಬಾರಿಸಿ, ಅದರಲ್ಲಿ ಚೆನ್ನಾಗಿದ್ದದ್ದನ್ನು ಕಳಿಸಿದೆ.

ಶಾಂತಮೂರ್ತಿಯವರು ಕೇಳಿ, ಸದ್ದು ತುಂಬ ಶುದ್ಧವಾಗಿದೆ, ಆದರೆ ತಾಳ ಓಡುತ್ತದೆ ಎಂದರು. ನನಗೆ ಉರಿದುಹೋಯಿತು. ಇದು ಫೋನಿನ ದೋಷ, ಕಳಿಸುವಾಗ ಹೀಗೆ ಆಗುತ್ತದೆ, ಆ್ಯಪು ಹಳೆಯದು ಅಂತ ಬಾಯಿಗೆ ಬಂದ ತಾಂತ್ರಿಕ ಕಾರಣಗಳನ್ನೆಲ್ಲ ಹೇಳಿದೆ. ಅವರು ಒಳ್ಳೆಯವರು. ಇರಬಹುದು, ಭಾನುವಾರ ಮನೆಗೇ ಬಂದು ಕೇಳುತ್ತೇನೆ ಎಂದರು. ಇನ್ನೇನು, ಸ್ಟೂಲು ನನ್ನದೇ ಅಂದುಕೊಂಡೆ.

ಭಾನುವಾರ ಹೊಳೆಯುವ ಅಂಗಿ ಹಾಕಿಕೊಂಡು ಕೂತಿದ್ದೆ. ಶಾಂತಮೂರ್ತಿಯವರು ಬಂದು ಉಪ್ಪಿಟ್ಟಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ನರಸಿಂಹಣ್ಣ ಒಂದು ಸೀರೆ ಹೊತ್ತುಕೊಂಡು ಬಾಗಿಲಲ್ಲಿ ನಿಂತರು. ಮುಖ ಬಾಡಿತ್ತು. ಮದುವೆಯವರು ಸೀರೆ ಬೇಡವೆಂದು ವಾಪಸು ಕೊಟ್ಟರಂತೆ. ಬಿಡಿಸಿ ತೋರಿಸಿದರು. ಒಂದು ಕಡೆ ಗಟ್ಟಿ, ಒಂದು ಕಡೆ ಜಾಳುಜಾಳು, ಪಟ್ಟೆ ಪಟ್ಟೆ.

“ನಾನೇನ್ ಮಾಡ್ಲಿ ಸಾ? ಕಿವಿಗೆ ಅತ್ತಿ ಇಟ್ಕಂಡೆ. ನಿಮ್ ದೊಡ್ ಡ್ರಮ್ಮು ನೆಲದಲ್ಲೇ ಬಂದು ಗುಂಡಿವೊಳ್ಗಿರೋ ಕಾಲ್ಗೆ ಒಡೀತದೆ. ನೀವು ಓಡುದ್ರೆ ನನ್ ಕೈನೂ ಓಡ್ತದೆ. ಮೊದ್ಲು ನೀವೇ ನನ್ ಮಗ್ಗದ ಜೊತೇಲಿ ಬತ್ತಿದ್ರಿ, ಸಂದಾಗಿತ್ತು. ಅದ್ಯಾವಾಗ ಆಸ್ಗೆ ಒರಗ್ಸುದ್ರೋ, ಕೆಟ್ಟೋಯ್ತು.”

ನನ್ನ ಮೈಕಿಗೆ ಸೋರುವುದನ್ನಷ್ಟೇ ನಾನು ನೋಡಿದ್ದೆ. ನಾನು ಎಲ್ಲಿಗೆ ಸೋರುತ್ತಿದ್ದೇನೆ ಅಂತ ಯೋಚಿಸಿಯೇ ಇರಲಿಲ್ಲ. ನಾಚಿಕೆಯಾಯಿತು. ಶಾಂತಮೂರ್ತಿಯವರು ಮಾತ್ರ ಉಪ್ಪಿಟ್ಟು ಬಿಟ್ಟು, ಕೈ ಒರೆಸಿಕೊಂಡು, ಸೀರೆಯ ಮೇಲೆ ಬೆರಳು ಓಡಿಸತೊಡಗಿದರು. ಇನ್ನೊಂದು ಕೈಯಲ್ಲಿ ಮಂಡಿಯ ಮೇಲೆ ತಾಳ.

“ಇಲ್ಲಿಗಂಟ ಸರಿಗದೆ ಸಾ. ಇಲ್ಲಿ ಓಡೋಕ್ ಶುರು ಮಾಡುದ್ರಿ. ಇದು ಬುರ್ರಂತ ರೋಲ್ ಒಡ್ದಿರೋದು. ಇಲ್ಲಂತೂ ದೇವ್ರೇ ಗತಿ. ಇದ್ರಲ್ಲಿ ಫೋನಿಲ್ಲ, ಆ್ಯಪಿಲ್ಲ ಕಣ್ ಸಾ.”

ರೆಕಾರ್ಡಿಂಗ್ ಕೇಳದೆಯೇ ಎದ್ದು ಹೊರಟರು. ಸ್ಟೂಲಿನ ಮಾತು ಎತ್ತಲಿಲ್ಲ. ನರಸಿಂಹಣ್ಣನವರು ಇನ್ನೊಂದು ಸೀರೆ ನೇಯ್ದು ಮುಗಿಸುವವರೆಗೆ ಡ್ರಮ್ಮಿನ ಕಡ್ಡಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು, ಹಾಗೇ ನಡೆದುಕೊಂಡೆ. ಮದುವೆಗೆ ಸೀರೆ ಸಿಕ್ಕಿತು. ಪಟ್ಟೆ ಸೀರೆಯನ್ನು ನಾನೇ ಕೊಂಡೆ, ಕೊಳ್ಳದೆ ಗತಿಯಿರಲಿಲ್ಲ.

ಅದನ್ನು ಸುಮಿತ್ರ ಬೀರುವಿನಲ್ಲಿ ಅಡಗಿಸಿಡುತ್ತಾಳೆ ಅಂದುಕೊಂಡಿದ್ದೆ. ಎಲ್ಲ ಮದುವೆಗೂ ಅದನ್ನೇ ಉಡುತ್ತಾಳೆ. ಇದು ಯಾವ ಹೊಸ ಡಿಸೈನು ಎಂದು ಹೆಂಗಸರು ಮುಟ್ಟಿ ಮುಟ್ಟಿ ಕೇಳಿದರೆ, “ನಮ್ಮನೆಯವರು ಬಾರ್ಸಿದ್ದು” ಎನ್ನುತ್ತಾಳೆ. ಹೋಗಲಿ, ನೆಟ್ಟಗೆ ಬಾರಿಸಿದ ಭಾಗವನ್ನಾದರೂ ನಾಲ್ಕು ಜನಕ್ಕೆ ಕಾಣುವ ಹಾಗೆ ಉಡಬಾರದೇ ಎಂದು ಮೊನ್ನೆ ಕೇಳಿಕೊಂಡೆ. ಅದು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಸಾಲುವಷ್ಟೇ ಇದೆಯಂತೆ.