ಬಸ್ಸು ಎಂಬ ಬಾಲ

ಕೆಲವರಿಗೆ ಪಕ್ಕದ ಮನೆಯ ಸಂಗತಿ ಕೆದಕುವ ಚಟ. ನನಗಿರುವುದು ಪದಗಳ ತವರುಮನೆ ಹುಡುಕುವ ಚಟ. ಒಲೆಯ ಮೇಲೆ ಹಾಲಿಟ್ಟು ನಿಘಂಟು ತೆರೆದು, ಹಾಲು ಉಕ್ಕಿ ಒಲೆ ಆರಿದರೂ ಏಳದವಳು ನಾನು. ಮೊನ್ನೆ ಹೀಗೆಯೇ ‘ಬಸ್ಸು’ ಎಂಬ ಪದದ ಬೆನ್ನು ಹತ್ತಿದೆ. ಬುದ್ಧಿ ಬಂದಾಗಿನಿಂದ ಹತ್ತಿ ಇಳಿಯುತ್ತಿದ್ದರೂ ಯಾರ ಮನೆಯ ಮಗಳು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ನೋಡಿದರೆ ಲ್ಯಾಟಿನ್ನಿನ ಮಗಳು! ಪೂರ್ತಿ ಹೆಸರು ‘ಓಮ್ನಿಬಸ್’, ಅರ್ಥ, ‘ಎಲ್ಲರಿಗೂ’. ಅದರಲ್ಲಿ ಕೊನೆಯ ‘ಬಸ್’ ಬರೀ ಪ್ರತ್ಯಯ, ನಮ್ಮ ‘ರಾಮನಿಗೆ’ಯಲ್ಲಿರುವ ‘ಗೆ’ ಇದ್ದ ಹಾಗೆ. ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗೆ ಫ್ರಾನ್ಸಿನವರು ಆ ಹೆಸರಿಟ್ಟರಂತೆ. ಇಂಗ್ಲಿಷಿನವರು ಅಷ್ಟುದ್ದ ಹೇಳಲು ಬೇಜಾರುಪಟ್ಟುಕೊಂಡು ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು. ಅಂದರೆ ಹಾಸನ ಜಿಲ್ಲೆಯವರೆಲ್ಲ ಇಷ್ಟು ಕಾಲ ಒಂದು ವಿಭಕ್ತಿ ಪ್ರತ್ಯಯದೊಳಗೆ ಕೂತು ಓಡಾಡುತ್ತಿದ್ದೇವೆ. ಕೂತು ಎಂದೆನೇ? ನಿಂತು.

ನಮ್ಮಲ್ಲಿಗೆ ಬಂದ ಮೇಲೆ ಆ ಬಾಲ ಮಾಡದ ಕೆಲಸವಿಲ್ಲ. ಅರಕಲಗೂಡಿನ ನನ್ನ ತವರಿನಲ್ಲಿ ಬಸ್ಸೆಂದರೆ ಗಡಿಯಾರ. ‘ಕೊಣನೂರು ಬಸ್ಸು ಹೋಯ್ತು, ಇನ್ನೂ ಹಸು ಕರೆದಿಲ್ವಾ?’ ಎನ್ನುತ್ತಿದ್ದಳು ಅಮ್ಮ. ಹೊಳೆನರಸೀಪುರದ ಅತ್ತೆಮನೆಯಲ್ಲಿ ಅದು ಅಂಚೆ: ‘ಹಪ್ಪಳದ ಡಬ್ಬಿ ಬಸ್ಸಿಗೆ ಹಾಕಿದೀವಿ, ಇಳಿಸ್ಕೋ.’ ಬಂದ ಹೆಣ್ಣುಗಳನ್ನೆಲ್ಲ ಒಲ್ಲೆ ಎಂದು ಕೂದಲುದುರಿಸಿಕೊಂಡ ಚನ್ನರಾಯಪಟ್ಟಣದ ನೆಂಟನ ವಿಷಯದಲ್ಲಿ ‘ಅವನ ಬಸ್ಸು ಹೋಯ್ತು ಬಿಡು’ ಎಂದರೆ ಯಾರೂ ನಿಲ್ದಾಣದ ಕಡೆ ನೋಡುವುದಿಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲೂ ಮಾಹಿತಿ ಹೊತ್ತೊಯ್ಯುವ ಬಸ್ಸಿದೆ ಎಂದು ಮಗಳು ಹೇಳಿದಾಗ, ಅಲ್ಲಿಯೂ ಇಷ್ಟೇ ನೂಕುನುಗ್ಗಲೇ ಎಂದು ಕೇಳಿ ಬೈಸಿಕೊಂಡೆ. ‘ಸಾಕು’ ಎನ್ನುವ ‘ಬಸ್’ ಮಾತ್ರ ಬೇರೆ ಮನೆತನದ್ದು, ಪಾರಸಿ ಕಡೆಯದು, ಹೆಸರೊಂದೇ, ನೆಂಟಸ್ತನವಿಲ್ಲ.

ಇದನ್ನೆಲ್ಲ ಹಾಸನದ ಬಸ್ ನಿಲ್ದಾಣದಲ್ಲಿ ನನ್ನ ಅಕ್ಕನಿಗೆ ವಿವರಿಸುತ್ತಿದ್ದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮಂಡಿನೋವು ತೋರಿಸಲು ಅರಕಲಗೂಡಿನಿಂದ ಬಂದಿದ್ದಳು. ‘ಇವರನ್ನು ಹೆಚ್ಚು ಹೊತ್ತು ನಿಲ್ಲಿಸಬೇಡಿ, ಊತ ಏರುತ್ತೆ’ ಎಂದು ಡಾಕ್ಟರು ನನಗೇ ಹೇಳಿ ಕಳಿಸಿದ್ದರು. ಊರು ಮುಟ್ಟುವವರೆಗೆ ಅವಳನ್ನು ಕೂರಿಸಿಕೊಂಡು ಹೋಗುವುದು ನನ್ನ ಹೊಣೆ. “ಲ್ಯಾಟಿನ್ನು ಆಮೇಲೆ ಹೇಳುವೆಯಂತೆ, ಮೊದಲು ಸೀಟು ಹಿಡಿಯೇ,” ಎಂದಳು ಅಕ್ಕ.

ಸೀಟು ಹಿಡಿಯುವ ಶಾಸ್ತ್ರವನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲನ್ನೋ ಕರ್ಚೀಫನ್ನೋ ಒಳಗೆ ಹಾಕಿದರೆ ಆ ಜಾಗ ನಮ್ಮದು. ಬಾಗಿಲಲ್ಲಿ ನಿಧಾನವಾಗಿ ಹತ್ತಬಹುದು. ಅರಕಲಗೂಡಿನ ಮೇಲೆ ಹೋಗುವ ಕೊಣನೂರು ಬಸ್ಸು ಬಂದೊಡನೆ ನಾನು ಅಕ್ಕನ ಹೆಗಲ ಮೇಲಿನ ಸ್ವೆಟರು ಎಳೆದು ಒಂದು ಕಿಟಕಿಯೊಳಗೆ ತೂರಿಸಿದೆ. ಹತ್ತಿ ನೋಡಿದರೆ ಆ ಜಾಗದಲ್ಲಿ ಒಬ್ಬ ಅಜ್ಜಿ. ಪಕ್ಕದ ಸೀಟಿನಲ್ಲಿ ಅವರ ಗಂಟು. ಸ್ವೆಟರು ಅಚ್ಚುಕಟ್ಟಾಗಿ ಮಡಿಸಿಕೊಂಡು ಅವರ ತೊಡೆಯ ಮೇಲೆ ಕೂತಿತ್ತು.

“ಅಜ್ಜಿ, ಅದು ನಮ್ಮ ಸೀಟು. ಸ್ವೆಟರ್ ಹಾಕಿದ್ದೆ.”

“ನಿಮ್ದಾ? ಯಾರೋ ಬೀಳುಸ್ಕಂಡವ್ರೆ ಅಂತ ಮಡಚಿ ಮಡಗಿವ್ನಿ ಕಣವ್ವಾ. ತಗಾ.”

“ಬೀಳಿಸಿದ್ದಲ್ಲ ಅಜ್ಜಿ, ಸೀಟು ಹಿಡಿದದ್ದು!”

“ಸ್ವೆಟ್ರು ಕೂತ್ಕಂಡು ಎಲ್ಲಿಗೋದದು? ನಾನು ಕೊಣನೂರ್ಗೋಗ್ಬೇಕು.”

ಸುತ್ತಲಿನವರು ನಕ್ಕರು. ಹಿಂದೆ ನಿಂತಿದ್ದ ಅಕ್ಕ, “ಅದೇನೋ ‘ಎಲ್ಲರಿಗೂ’ ಅಂತ ಅರ್ಥ ಅಂದ್ಯಲ್ಲ, ಅಜ್ಜಿಗೂ ಹೇಳು ಮತ್ತೆ,” ಎಂದು ಚುಚ್ಚಿದಳು. ಅಜ್ಜಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ನನ್ನದು ದೇವರು ಕೊಟ್ಟ ನರೆ. ಅಕ್ಕನದು ತಪ್ಪದೆ ಬಣ್ಣ ಕಾಣುವ ತಲೆ. ಅಜ್ಜಿ ಗಂಟನ್ನು ತೊಡೆಗೆಳೆದುಕೊಂಡು ಪಕ್ಕದ ಸೀಟು ತಟ್ಟಿ ನನಗೆ ಹೇಳಿದರು: “ಬಾವ್ವಾ, ನೀ ಕೂತ್ಕ, ವಯಸ್ಸಾದೋಳು. ನಿನ್ ತಂಗಿ ನಿಂತ್ಕತಳೆ, ಪ್ರಾಯದವ್ಳು.”

ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನ ಮುಖ ಹೂವಾಗಿತ್ತು. ಕಂಬಿ ಹಿಡಿದು ನೆಟ್ಟಗೆ ನಿಂತು, “ಹೌದು, ನೀನೇ ಕೂತ್ಕೋ ಅಕ್ಕಾ,” ಎಂದಳು. ನನಗೆ! ಬೇರೆ ದಾರಿ ತೋಚದೆ ಕೂತೆ. ಬಸ್ಸು ಹೊರಟಿತು. ಒಂದೊಂದು ತಿರುವಿಗೂ ಅವಳು ತುಟಿ ಕಚ್ಚುತ್ತಿದ್ದಳು, ಯಾರಿಗೂ ಕಾಣದಂತೆ ಸೀರೆಯ ಮೇಲಿಂದಲೇ ಮಂಡಿ ಒತ್ತಿಕೊಳ್ಳುತ್ತಿದ್ದಳು. “ಬಾರೇ” ಎಂದು ಪಿಸುಗುಟ್ಟಿದರೆ, “ನಂಗೇನಾಗಿದೆ?” ಎಂದು ಮುಖ ತಿರುಗಿಸಿದಳು. ಬಸ್ಸಿನ ತುಂಬ ಅವಳ ವಯಸ್ಸು ಸಾರಿದರೆ ಮುಂದಿನ ಗೌರಿ ಹಬ್ಬಕ್ಕೂ ಮಾತಾಡುವವಳಲ್ಲ. ಸಾರದಿದ್ದರೆ ಮಂಡಿ ಕುಂಬಳಕಾಯಿ.

ಕೊನೆಗೆ ಎದ್ದುನಿಂತು, ಎಲ್ಲರಿಗೂ ಕೇಳುವಂತೆ, “ಕೂತ್ಕೊಳೇ ಪುಟ್ಟಿ! ಚಿಕ್ಕವಳು, ನಿನಗೆ ನಿಂತು ಅಭ್ಯಾಸ ಇಲ್ಲ. ಅಕ್ಕನ ಮಾತು ಕೇಳು,” ಎಂದು ಗದರಿದೆ.

ಪುಟ್ಟಿ ತಕ್ಷಣ ಕೂತಳು. ಉಸಿರು ಬಿಟ್ಟ ಸದ್ದು ನನಗೂ ಕೇಳಿಸಿತು.

“ದೊಡ್ಡೋರು ಅಂದ್ರೆ ಇಂಗಿರ್ಬೇಕು,” ಎಂದರು ಕೊಣನೂರಿನ ಅಜ್ಜಿ. ಅಷ್ಟರಲ್ಲಿ ಕಂಡಕ್ಟರು ಹಿಂದಿನಿಂದ ಕೂಗಿದ: “ಓ ಅಜ್ಜೀ, ಬ್ರೇಕ್ ಹಾಕುದ್ರೆ ಬಿದ್ದೋಯ್ತೀರ, ಕಂಬಿ ಹಿಡ್ಕಳಿ!”

ನಾನು ಅಜ್ಜಿಯ ಕಡೆ ನೋಡಿದೆ. ಅವರು ಆರಾಮವಾಗಿ ಕೂತಿದ್ದರು. ಕಂಬಿ ಹಿಡಿದುಕೊಂಡೆ.