ಟೀ ಸೊಪ್ಪಿನ ಬಸ್ಸಾರು

ಟೀ ಚಟದವನಿಗೆ ನೆಂಟರ ಊರುಗಳೆಲ್ಲ ದೂರವೇ. ಮಧುಗಿರಿಯ ಸಂತೆಯಲ್ಲಿ ಯಾವುದೋ ಟೀ ಕಂಪನಿಯವರು ಗಾಡಿ ನಿಲ್ಲಿಸಿ ಪುಕ್ಕಟೆ ಲೋಟ ಹಂಚುತ್ತಿದ್ದಾಗ ನನಗೆ ಅಂಟಿದ್ದು ಇದು. ಪುಕ್ಕಟೆ ನಿಂತುಹೋಯಿತು, ಚಟ ನಿಲ್ಲಲಿಲ್ಲ. ಬೆಳಗ್ಗೆ ಒಂದು ಲೋಟ ಒಳಗಿಳಿಯದಿದ್ದರೆ ತಾಲ್ಲೂಕು ಕಚೇರಿಯಲ್ಲಿ ನಾನು ಬರೆದ ಅಕ್ಷರ ನನಗೇ ಓದಲು ಬರುವುದಿಲ್ಲ.

ಇಂಥ ನನ್ನನ್ನು ನನ್ನ ಹೆಂಡತಿ, ಮಗುವಿನ ನಾಮಕರಣಕ್ಕೆ ತನ್ನ ಅಜ್ಜಿಯನ್ನು ಕರೆತರಲು ಅಟ್ಟಿದಳು. ಅಜ್ಜಿ ಇರುವುದು ದೊಡ್ಡೇರಿಯಿಂದಾಚೆ, ಟೀ ಇನ್ನೂ ಹತ್ತಿರದ ಬೆಟ್ಟದ ಮೇಲಿನ ಹಳ್ಳಿಯಲ್ಲಿ. ಮದುವೆಯಲ್ಲಿ ನಮ್ಮ ಕಡೆಯವರು ತಮ್ಮನ್ನು ಸರಿಯಾಗಿ ಊಟಕ್ಕೆ ಕರೆಯಲಿಲ್ಲವೆಂದು ಮುನಿಸಿಕೊಂಡವರು, ಆಮೇಲೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. "ಅಜ್ಜಿ ಬರದೆ ಮಗೂನ ತೊಟ್ಟಿಲಿಗೆ ಹಾಕೋದಿಲ್ಲ. ಅವರು ಏನು ಬಡಿಸಿದ್ರೂ ಮುಖ ಸಿಂಡರಿಸಬೇಡಿ" ಎಂದು ಎಚ್ಚರಿಸಿಯೇ ಕಳಿಸಿದ್ದಳು.

ಎತ್ತಿನ ಗಾಡಿಯ ಪ್ರಯಾಣವೇ ಸುಖ, ಅವಸರವಿಲ್ಲದೆ ಊರು ನೋಡಬಹುದು ಎಂದು ನಾನು ಕಚೇರಿಯಲ್ಲಿ ಭಾಷಣ ಬಿಗಿಯುತ್ತಿದ್ದುದುಂಟು. ನೋಡಿದೆ. ಒಂದೇ ಹುಣಸೆಮರವನ್ನು ಬಹಳ ಹೊತ್ತು ನೋಡಿದೆ; ಎತ್ತುಗಳಿಗೆ ಅದರ ನೆರಳು ಹಿಡಿಸಿಬಿಟ್ಟಿತ್ತು. ಗಾಡಿ ಬೆಟ್ಟದ ಬುಡದಲ್ಲೇ ನಿಂತು, ನಾನು ಕಲ್ಲುದಾರಿ ಹತ್ತಿ ಮೇಲೆ ಸೇರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಮಜ್ಜಿಗೆ ತಂದ ಅಜ್ಜಿಯ ಕೈಗೆ ನನ್ನ ಜೀವದಂತಿದ್ದ ಟೀ ಪೊಟ್ಟಣವನ್ನಿಟ್ಟು, "ಟೀ ಸೊಪ್ಪು ಅಜ್ಜಿ. ಚೆನ್ನಾಗಿ ಕುದಿಸಿ, ಬಸಿದು ಕೊಡಿ" ಎಂದೆ. ಸೋಸಿ ಎನ್ನಬೇಕಿತ್ತು. ತಲೆನೋವಿನವನಿಗೆ ಪದಗಳ ಗೊಡವೆ ಎಲ್ಲಿ?

ಒಳಗಿಂದ ಬೆಳ್ಳುಳ್ಳಿ ಒಗ್ಗರಣೆ ಘಮ್ಮೆಂದಿತು. ಊಟಕ್ಕೆ ಬೇರೇನೋ ಆಗುತ್ತಿದೆ ಎಂದುಕೊಂಡೆ, ಪಾಪ. ಅಜ್ಜಿ ತಟ್ಟೆಗೆ ಬಿಸಿ ಮುದ್ದೆಯಿಟ್ಟು, ಪಕ್ಕದಲ್ಲಿ ಕಪ್ಪನೆಯ ಪಲ್ಯ ಬಡಿಸಿ, ಕೆಂಪು ಸಾರು ಹುಯ್ದರು. ಸಾರಿನಿಂದೆದ್ದ ವಾಸನೆ ನನಗೆ ಪರಿಚಯದ್ದೇ.

"ಅಜ್ಜಿ, ಇದು..."

"ನೀವು ತಂದ ಸೊಪ್ಪೇ ಕಣಪ್ಪ. ನೀವೇಳ್ದಂಗೇ ಬಸ್ದೆ. ಬಸ್ದಿದ್ ನೀರ್ಗೆ ಖಾರ ರುಬ್ಬಾಕಿ ಸಾರು ಮಾಡ್ದೆ, ಸೊಪ್ಗೆ ಅಳಸಂದೆ ಕಾಳಾಕಿ ಪಲ್ಯ. ಬ್ಯಾರೆ ಸೊಪ್ಪು ಬೆಂದ್ರೆ ಕುಗ್ತದೆ, ಇದು ಯಾವುದೋ ಕಾಣೆ, ಬೆಂದಂಗೆಲ್ಲ ಉಬ್ಬುಬುಡ್ತು."

"ಪೂರಾ ಪೊಟ್ಟಣ ಹಾಕಿಬಿಟ್ರಾ?"

"ಅಳಿಯಂದ್ರು ಬಂದಾಗ ಕೈ ಹಿಡಿಯಾಕಾಯ್ತದಾ?"

ಅಜ್ಜಿ ಸೆರಗಿಗೆ ಕೈಯೊರೆಸುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ತೊಟ್ಟಿಲು ನೆನಪಾಯಿತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಕಣ್ಣುಮುಚ್ಚಿ ನುಂಗಿದೆ. ಶಿವನೇ, ಒಗರೂ ಖಾರವೂ ಗಂಟಲಲ್ಲೇ ಜಗಳಕ್ಕೆ ನಿಂತವು.

"ಹೆಂಗೈತಪ್ಪ?"

"ಅಮೃತ, ಅಜ್ಜಿ" ಎಂದೆ. ಇನ್ನೊಂದು ಸೌಟು ಬಿತ್ತು. ಅದನ್ನೂ ಬಳಿದು ತಿಂದೆ. ತಲೆನೋವು ಎತ್ತ ಹೋಯಿತೋ ಗೊತ್ತಾಗಲಿಲ್ಲ.

ಅಜ್ಜಿ ಕರಗಿಹೋದರು. "ನನ್ ಕೈಯಡ್ಗೆ ಇಂಗೆ ಉಂಡೋರ್ನ ಕಾಣೆ. ನಡೀರಿ, ಬತ್ತೀನಿ" ಎಂದು ಅಂದೇ ಗಂಟು ಕಟ್ಟಿದರು.

ನಾಮಕರಣದ ದಿನ ನಾನು ಬಾಗಿಲಲ್ಲಿ ನಿಂತು ಬೀಗುತ್ತ ಕಚೇರಿಯವರನ್ನೆಲ್ಲ ಬರಮಾಡಿಕೊಂಡೆ. ನಮ್ಮ ಶಿರಸ್ತೇದಾರರು ಕೂತವರೇ, "ಮೊದಲು ಒಂದು ಲೋಟ ಟೀ ಆಗಲಯ್ಯ" ಎಂದರು. ಒಳಗೆ ಹೋದೆ. ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು. ದೊಡ್ಡ ತಪ್ಪಲೆಯ ಮುಂದೆ ಅಜ್ಜಿ, ಪಕ್ಕದಲ್ಲಿ ಬರಿದಾದ ಟೀ ಡಬ್ಬಿ ಹಿಡಿದು ನಿಂತ ನನ್ನ ಹೆಂಡತಿ.

"ಟೀನ ಹೀಗೆ ಮಾಡ್ಬೇಕು ಅಂತ ಯಾರಜ್ಜಿ ಹೇಳಿಕೊಟ್ಟೋರು?"

ಅಜ್ಜಿ ಸೌಟನ್ನು ನನ್ನ ಕಡೆ ತಿರುಗಿಸಿದರು. "ನಿನ್ ಗಂಡನೇ ಕಣಮ್ಮ. ಅಮೃತ ಅಂದ್ರು. ಎಲ್ರೂ ಉಣ್ಲಿ ಅಂತ ಡಬ್ಬಿನೇ ಬಗ್ಗಿಸ್ಬುಟ್ಟೆ."

ಹೊರಗಿನಿಂದ ಶಿರಸ್ತೇದಾರರು ಇನ್ನೊಮ್ಮೆ ಟೀ ಕೇಳಿದರು. ನಾನು ಹೋಗಿ ಅವರ ಮುಂದೆ ಎಲೆ ಹಾಕಿದೆ.