ಟೆಕ್ಸಾಸ್ ನಕಾಶೆಯಲ್ಲಿ ಒಂದು ಚುಕ್ಕೆಗೆರೆ ಎಳೆದುಕೊಡುವ ಬಗ್ಗೆ

ಇವರಿಂದ:
ಇರಣ್ಣ ಶಿವಪ್ಪ ಹೂಲಿ, ವಯಸ್ಸು ೭೧
ನಿವೃತ್ತ ಶಿರಸ್ತೇದಾರ, ಧಾರವಾಡದ ಕಡೆಯ ಒಂದು ತಾಲೂಕು ಕಚೇರಿ (ಹೆಸರು ಬೇಡ)
ಹಾಲಿ ವಸ್ತಿ: ಮಗ ಅಮರನ ಮನೆ, ಪ್ರಾಸ್ಪರ್, ಡಲ್ಲಾಸ್‌ನ ಉತ್ತರಕ್ಕೆ

ಇವರಿಗೆ:
ಟೆಕ್ಸಾಸ್ ರಾಜ್ಯದ ಸಮಸ್ತ ಬಯಲುಗಳ ಮುಖ್ಯಾಧಿಕಾರಿಗಳು
(ಅಂಥವರು ಯಾರಾದರೂ ಇದ್ದಲ್ಲಿ)

ವಿಷಯ: ವರ್ಷಕ್ಕೊಂದು ದಿನ ಯಾರದಾದರೂ ನೆಲದಲ್ಲಿ ಕುಳಿತು ಉಣ್ಣಲು, ಉಂಡ ಮೇಲೆ ಅಲ್ಲೇ ಗುಡಾರ ಹಾಕಿ ಮಲಗಲು ಅನುಮತಿ ಕೋರಿ.

ಉಲ್ಲೇಖ: ೧. ಬಡಾವಣೆ ಸಂಘದ ಪತ್ರ, ಫೋಟೋ ಸಹಿತ.
೨. ಪತ್ನಿ ಕಮಲವ್ವ ಅಡುಗೆಮನೆಯಲ್ಲಿ ನೀಡಿದ ಮೌಖಿಕ ನೋಟಿಸು.

ಮಾನ್ಯರೇ,

ಮೂವತ್ತನಾಲ್ಕು ವರ್ಷ ಮೇಜಿನ ಆ ಕಡೆ ಕೂತು ಅರ್ಜಿ ಓದಿದ ಇರಣ್ಣನವರು ಈಗ ಈ ಕಡೆ ನಿಂತು ಮೊದಲ ಅರ್ಜಿ ಬರೆಯುತ್ತಿದ್ದಾರೆ. ಅರ್ಜಿದಾರ ತನ್ನನ್ನು 'ನಾನು' ಎಂದುಕೊಳ್ಳುವುದು ಕಚೇರಿಯ ಶಿಸ್ತಲ್ಲವಾದ ಕಾರಣ, ಮುಂದೆಯೂ ಇರಣ್ಣ ಎಂದೇ ಓದಿಕೊಳ್ಳುವುದು.

೧. ಎಳ್ಳ ಅಮಾವಾಸ್ಯೆಯಂದು ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನಾಲ್ಕು ತುತ್ತು ಚೆಲ್ಲಿ, ಅಲ್ಲೇ ಕೂತು ಉಣ್ಣುವುದು ಅರ್ಜಿದಾರರ ಕಡೆಯ ರೂಢಿ. ಇದಕ್ಕೆ ಚರಗ ಎನ್ನುತ್ತಾರೆ. ಹೊಲ ಇಲ್ಲದವರು ಕಂಡವರ ಹೊಲಕ್ಕೆ ಹೋಗುತ್ತಾರೆ. ಅವತ್ತು ಯಾರು ನೀವು ಎಂದು ಕೇಳುವವರಿಲ್ಲ, ಉಂಡಿರಾ ಎಂದು ಕೇಳುತ್ತಾರೆ.

೨. ಪ್ರಾಸ್ಪರ್‌ಗೆ ಬಂದ ಎರಡನೆಯ ವರ್ಷ ಕಮಲವ್ವ ಕೊಟ್ಟ ನೋಟಿಸು ಯಥಾವತ್ತಾಗಿ: "ಎಲ್ಲಿ ನೋಡಿದ್ರೂ ಬಯಲೈತಿ, ಕಾಲಿಡಾಕ ಜಾಗಿಲ್ಲ. ಈ ಅಮಾಸಿಗೂ ಚರಗ ಚೆಲ್ಲಲಿಲ್ಲಂದ್ರ ನಾ ಒಬ್ಬಾಕಿನ ಊರಿಗೆ ಹೊಂಟ್ಹೋಗ್ತೀನ್ರಿ." ಇರಣ್ಣನವರಿಗೆ ಎದೆಯ ಆಪರೇಷನ್ ಆಗಿ ವಿಮಾನ ಹತ್ತಬಾರದೆಂದು ಡಾಕ್ಟರ ಆದೇಶವಿದೆ. ಅಲ್ಲದೆ ಅವರಿಗೆ ಚಹಾ ಮಾಡಲು ಬರುವುದಿಲ್ಲ. ಕಮಲವ್ವ ಇಲ್ಲದ ಮನೆಯಲ್ಲಿ ಒಂದು ದಿನವೂ ಇರಲಾರರು ಎಂಬುದನ್ನು ಯಾವ ನಮೂನೆಯಲ್ಲಿ ತುಂಬಬೇಕೋ ತಿಳಿಯದ ಕಾರಣ ಇಲ್ಲೇ ನಮೂದಿಸಲಾಗಿದೆ.

೩. ಆದ್ದರಿಂದ ತಾಲೀಮಿಗೆಂದು ಬಡಾವಣೆಯ ಕೆರೆದಂಡೆಯ ಹುಲ್ಲಿನ ಮೇಲೆ ಜಮಖಾನ ಹಾಸಲಾಯಿತು. ಹುಲ್ಲು ನೋಡಲಿಕ್ಕಷ್ಟೇ ಇದೆ ಎಂದು ಉಲ್ಲೇಖ (೧)ರ ಪತ್ರ ಬಂತು. ಫೋಟೋದಲ್ಲಿ ಕಮಲವ್ವ ಚೆನ್ನಾಗಿ ಬಂದಿದ್ದಾರೆ.

೪. ಸದರಿ ಇರಣ್ಣನವರು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ನಕಾಶೆಯನ್ನು ಮೂರು ದಿನ ಭೂತಗನ್ನಡಿ ಹಿಡಿದು ನೋಡಿದರು. ಊರಿನ ದನಕರು ಮೇಯುವ ಗಾಯರಾಣ ಎಲ್ಲೂ ಕಾಣಲಿಲ್ಲ. ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹೋಗುವ ಬಂಡಿದಾರಿಯ ಚುಕ್ಕೆಗೆರೆಯೂ ಇಲ್ಲ. ಇಷ್ಟು ದೊಡ್ಡ ರಾಜ್ಯದಲ್ಲಿ ದನಗಳು ಹೇಗೆ ನಡೆದಾಡುತ್ತವೆ ಎಂದು ಅಮರನನ್ನು ಕೇಳಲಾಗಿ, ಟ್ರಕ್ಕಿನಲ್ಲಿ ಎಂದು ಉತ್ತರ ಬಂತು.

೫. ಅಮರ್ ಐದು ತಿಂಗಳು ಮೊದಲೇ ಆಸ್ಟಿನ್ ಹತ್ತಿರದ ಒಂದು ಸರಕಾರಿ ಉದ್ಯಾನದಲ್ಲಿ ಗುಡಾರದ ಜಾಗ ಬುಕ್ ಮಾಡಿದ. ಸಿಕ್ಕಿದ್ದು ನಲವತ್ತಮೂರನೆಯ ನಂಬರು: ಸಿಮೆಂಟಿನ ನೆಲ, ಒಂದು ಮೇಜು, ಒಂದು ಕಂಬ. ಅಮಾವಾಸ್ಯೆಯ ಬೆಳಿಗ್ಗೆ ಸಿಮೆಂಟಿನ ಆಚೆ ತುತ್ತು ಚೆಲ್ಲಲು ಹೋದಾಗ ಅಲ್ಲಿನ ಅಧಿಕಾರಿ ಹುಡುಗಿ ತಡೆದು, ಪ್ರಾಣಿಗಳಿಗೆ ಕೆಟ್ಟ ರೂಢಿಯಾಗುತ್ತದೆ ಎಂದಳು. ಇದು ಪ್ರಾಣಿಗಳಿಗಲ್ಲ, ನೆಲಕ್ಕೆ ಎಂದು ಕಮಲವ್ವ ಹೇಳಿಸಿದರು. ಆಕೆ ಪುಸ್ತಕ ತೆರೆದು ನೋಡಿ, ನೆಲಕ್ಕೆ ಉಣಿಸುವ ನಿಯಮವಿಲ್ಲ, ನಿಯಮವಿಲ್ಲದ್ದಕ್ಕೆ ಅನುಮತಿಯಿಲ್ಲ ಎಂದಳು. ಇರಣ್ಣನವರಿಗೆ ಈ ಉತ್ತರ ಬಹಳ ಹಿಡಿಸಿತು. ಕಮಲವ್ವ ಅವರ ಜೊತೆ ಮಾತು ಬಿಟ್ಟರು.

೬. ಅದೇ ದಿನ ಉದ್ಯಾನದಿಂದ ಬುತ್ತಿ ಕಟ್ಟಿಕೊಂಡು, ಹ್ಯೂಸ್ಟನ್‌ನಲ್ಲಿರುವ ಅಮರನ ಗೆಳೆಯನ ಮನೆಗೆ ಹೊರಟಾಗ ದಾರಿಯಲ್ಲಿ ಒಂದು ಗೇಟು ತೆರೆದಿತ್ತು. ತೆರೆದ ಗೇಟು ಎಂದರೆ ಬನ್ನಿ ಎಂದೇ ಅರ್ಥವೆಂದು ಕಮಲವ್ವ ಅಮರನಿಗೆ ಹೇಳಿ ಕಾರು ನಿಲ್ಲಿಸಿದರು. ಚರಗ ಚೆಲ್ಲಿ, ರೊಟ್ಟಿ ಬಿಚ್ಚುವಷ್ಟರಲ್ಲಿ ಪಿಕಪ್ ಓಡಿಸಿಕೊಂಡು ಎಂಬತ್ತರ ಹತ್ತಿರದ ಜಮೀನಿನ ಯಜಮಾನ ಡ್ವೇನ್ ಬಂದ. ಬಂದೂಕು ಇದ್ದೀತೆಂದು ಅಮರ್ ಎರಡೂ ಕೈ ಮೇಲೆತ್ತಿದ. ಆ ದಿನ ಹೊಲಕ್ಕೆ ಬಂದವರಿಗೆ ಉಣಿಸಬೇಕಾದವನು ಯಜಮಾನನಾದ ಕಾರಣ ಕಮಲವ್ವ ಆತನ ಖಾಲಿ ಕೈ ನೋಡಿ ಕನ್ನಡದಲ್ಲೇ ಗದರಿದರು: "ಹೊಲದ ಯಜಮಾನ ಆಗಿ ಬರಿಗೈಲೆ ಬರ್ತೀರೇನ್ರಿ? ಕುಂದರ್ರಿ."

ಆತ ಕುಳಿತ. ಮೂರು ರೊಟ್ಟಿ ಉಂಡ. ಇದು ಖಾಸಗಿ ಜಾಗ ಎಂದು ಮೊದಲ ರೊಟ್ಟಿಗೆ ಹೇಳಿದವನು ಎರಡನೆಯದಕ್ಕೆ ಮರೆತ. ಮೂರನೆಯದು ಮುಗಿದ ಮೇಲೆ, ಮುಂದಿನ ವರ್ಷ ಗೇಟಿಗೆ ಬೀಗ ಇರುತ್ತದೆ ಎಂದು ಹೇಳಿ, ಮೇವಿನ ಚೀಲದ ಚೂರಿನಲ್ಲಿ ಬೀಗ ತೆರೆಯುವ ಸಂಖ್ಯೆ ಬರೆದುಕೊಟ್ಟ. ಕಮಲವ್ವ ಅಲ್ಲೇ ಮಣ್ಣಿನ ಮೇಲೆ ಎರಡು ತಾಸು ಮಲಗಿದರು. ಮನೆಗೆ ಬಂದು, ಊರಿಗೆಂದು ತುಂಬಿಟ್ಟಿದ್ದ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದರು.

೭. ಕಳೆದ ತಿಂಗಳು ಅದೇ ದಾರಿಯಲ್ಲಿ ಹೋದಾಗ ಡ್ವೇನ್ ಜಮೀನು ಮಾರಿದ್ದ. ನಾನೂರು ಮನೆಗಳ ಬೋರ್ಡು ನಿಂತಿದೆ. ಸಂಖ್ಯೆ ಇದೆ, ಗೇಟು ಇಲ್ಲ. ಸೂಟ್‌ಕೇಸು ಮತ್ತೆ ಮಂಚದ ಮೇಲೆ ಬಂದಿದೆ.

೮. ಇನ್ನೊಂದು ಸಂಗತಿ. ೧೯೯೮ರಲ್ಲಿ ಅಣ್ಣಾಸಾಹೇಬ ಎಂಬ ರೈತ, ತನ್ನ ಹೊಲದ ಬಂಡಿದಾರಿಯನ್ನು ಪಕ್ಕದವನು ಉತ್ತುಬಿಟ್ಟಿದ್ದಾನೆಂದು ಅರ್ಜಿ ಕೊಟ್ಟಿದ್ದ. ನಕಾಶೆಯ ಮಡಿಕೆಯಲ್ಲಿ ಚುಕ್ಕೆಗೆರೆ ಸವೆದಿತ್ತು. ಇರಣ್ಣನವರು 'ದಾರಿ ಕಂಡುಬರುವುದಿಲ್ಲ' ಎಂದು ಬರೆದು ಕಡತ ಮುಚ್ಚಿದರು. "ಮತ್ತ ನಾ ಹೊಲಕ್ಕ ಹೆಂಗ ಹೋಗ್ಲಿ ಸಾಹೇಬ್ರ?" ಎಂದು ಅವನು ಕೇಳಿದಾಗ ಚಹಾದ ಹೊತ್ತಾಗಿತ್ತು. ಈ ಬಗ್ಗೆ ಇರಣ್ಣನವರಿಗೆ ಈಗ ನಾಚಿಕೆಯಾಗುತ್ತದೆ.

ಆದ್ದರಿಂದ, ತಾವು ದೊಡ್ಡ ಮನಸ್ಸು ಮಾಡಿ, ಪ್ರಾಸ್ಪರ್‌ನಿಂದ ಎಲ್ಲಿಗಾದರೂ ಸರಿ, ಸಿಮೆಂಟಿಲ್ಲದ ಒಂದು ನೆಲದವರೆಗೆ ಒಂದು ಚುಕ್ಕೆಗೆರೆ ಎಳೆದುಕೊಡಬೇಕಾಗಿ ಕೋರಿಕೆ. ಪೆನ್ಸಿಲ್ಲಿನದಾದರೂ ನಡೆಯುತ್ತದೆ.

ತಮ್ಮ ವಿಶ್ವಾಸಕ್ಕೆ ಇನ್ನೂ ಪಾತ್ರರಾಗಬೇಕಿರುವ,
ಇರಣ್ಣ ಶಿ. ಹೂಲಿ

ಲಗತ್ತುಗಳು:
ಅ) ಕೆರೆದಂಡೆಯ ಫೋಟೋ (ಕಮಲವ್ವನಿಗೆ ವಾಪಸು ಬೇಕು).
ಆ) ಮೇವಿನ ಚೀಲದ ಚೂರು, ಮೂಲಪ್ರತಿ.
ಇ) ಸಜ್ಜೆ ರೊಟ್ಟಿ ಎರಡು, ಮೇಜಿನ ಆ ಕಡೆಯವರಿಗೆ.
ಈ) ಅಣ್ಣಾಸಾಹೇಬನ ಅರ್ಜಿ: ಲಭ್ಯವಿಲ್ಲ.

ವಿ.ಸೂ.: ಈ ಅರ್ಜಿಯನ್ನು ತಿರಸ್ಕರಿಸುವುದಾದರೆ, ಅರ್ಜಿದಾರ ಇನ್ನು ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಹಿಂಬರಹದಲ್ಲಿ ಕಾಣಿಸುವುದು. ಇರಣ್ಣನವರು ಅಣ್ಣಾಸಾಹೇಬನಿಗೆ ಅದನ್ನು ಕಾಣಿಸಿರಲಿಲ್ಲ.